‘ಬೇಡ’ ಅನ್ನುವುದಕ್ಕೆ ಜಾಗ: ಮನೋವಿಜ್ಞಾನದ ಅಧ್ಯಯನಕ್ಕೆ ಇಳಿಯುವ ಮುನ್ನ

ಎಂಎಸ್ಸಿ ಮನೋವಿಜ್ಞಾನದ ಕೊನೆಯ ಸೆಮಿಸ್ಟರ್ ಬಂತೆಂದರೆ ಬೆಂಗಳೂರಿನ ತುಂಬ ಪ್ರಶ್ನಾವಳಿಗಳ ಓಡಾಟ. ಪಿ.ಜಿ. ಹುಡುಗಿಯರ ವಾಟ್ಸಾಪ್ ಗುಂಪು, ಪೀಣ್ಯದ ಗಾರ್ಮೆಂಟ್ಸ್ ಗೇಟು, ಪಿಯು ಕಾಲೇಜಿನ ತರಗತಿ, ಅಪಾರ್ಟ್‌ಮೆಂಟಿನ ಮನೆಗೆಲಸದವರು, ಎಲ್ಲರ ಕೈಗೂ ಒಂದು ಹಾಳೆಯೋ ಲಿಂಕೋ ಬರುತ್ತದೆ. ಇವುಗಳಲ್ಲಿ ಕೆಲವನ್ನು, ಅಧ್ಯಯನದಿಂದ ಯಾರಿಗೂ ಹಾನಿಯಾಗದಂತೆ ಮೊದಲೇ ಪರಿಶೀಲಿಸುವ ನೈತಿಕ ಸಮಿತಿ ವಾಪಸು ಕಳಿಸುತ್ತದೆ. ಇನ್ನು ಕೆಲವು ಸಮಿತಿಯ ಕಣ್ಣಿಗೇ ಬೀಳದೆ ನಡೆದು, ಜನರಿಗೆ ಗೊತ್ತಾಗದ ಹಾಗೆ ಅವರಿಗೆ ನೋವು ಮಾಡಿ ಮುಗಿಯುತ್ತವೆ.

ನಿಯಮಗಳು ಬಹಳ ಇವೆ. ಆದರೆ ಅವುಗಳನ್ನು ಓದುವಾಗ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡರೆ ದಾರಿ ತಪ್ಪುವುದಿಲ್ಲ: ಎದುರಿಗಿರುವವರು ‘ಬೇಡ’ ಅನ್ನುವುದನ್ನು ನಾವು ಎಷ್ಟು ಸಲೀಸು ಮಾಡಿಕೊಟ್ಟಿದ್ದೇವೆ? ಪ್ರಯೋಗಕ್ಕೆ ಬಳಸುವ ಇಲಿಗೆ ಬಾಯಿಲ್ಲ. ಅದರ ಪರವಾಗಿ ‘ಸಾಕು’ ಅನ್ನುವ ಗೆರೆಯನ್ನು ಪ್ರಯೋಗಕ್ಕೆ ಮುಂಚೆಯೇ ನಾವು ಬರೆದಿಡಬೇಕು.

ಸಮಿತಿಯ ಕೆಲಸ ಮೊದಲು

ಮನುಷ್ಯರ ಮೇಲಿನ ಅಧ್ಯಯನಕ್ಕೆ ನಮ್ಮಲ್ಲಿ ಆಧಾರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರತಂದ ರಾಷ್ಟ್ರೀಯ ನೈತಿಕ ಮಾರ್ಗಸೂಚಿ. ಸಾಮಾಜಿಕ ಮತ್ತು ವರ್ತನೆಯ ಅಧ್ಯಯನಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಇದರ ಪ್ರಕಾರ ಸಮಿತಿಯಲ್ಲಿ 7ರಿಂದ 15 ಜನ ಇರಬೇಕು. ಅವರಲ್ಲಿ ಅರ್ಧದಷ್ಟು ಮಂದಿಯಾದರೂ ಸಂಸ್ಥೆಗೆ ಸೇರದವರಾಗಿರಬೇಕು, ಅಧ್ಯಕ್ಷರು ಹೊರಗಿನವರೇ ಆಗಿರಬೇಕು. ಕಾನೂನು ಬಲ್ಲವರು ಮತ್ತು ವಿಜ್ಞಾನದ ಹಿನ್ನೆಲೆ ಇಲ್ಲದ ಸಾಮಾನ್ಯ ನಾಗರಿಕರು ಒಬ್ಬೊಬ್ಬರಾದರೂ ಬೇಕು. ಕೋರಂಗೆ ಕನಿಷ್ಠ 5 ಜನ. ನಿಮ್ಮ ವಿಭಾಗದ ಮೂವರು ಮೇಷ್ಟರು ಕೂತು ಸಹಿ ಹಾಕಿದ ಪತ್ರ ಸಮಿತಿಯ ಒಪ್ಪಿಗೆ ಅನ್ನಿಸಿಕೊಳ್ಳುವುದಿಲ್ಲ. ಕಾಲೇಜಿನಲ್ಲಿ ಸಮಿತಿ ಇಲ್ಲದಿದ್ದರೆ, ಇರುವ ಇನ್ನೊಂದು ಸಂಸ್ಥೆಯ ಜೊತೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಂಡು ಅಲ್ಲಿ ಅರ್ಜಿ ಹಾಕಬೇಕು.

ಪರಿಶೀಲನೆಯಲ್ಲಿ ಮೂರು ಬಗೆ: ವಿನಾಯಿತಿ, ತ್ವರಿತ ಪರಿಶೀಲನೆ, ಪೂರ್ಣ ಸಮಿತಿಯ ಸಭೆ. ‘ನಮ್ಮದು ಬರೀ ಪ್ರಶ್ನಾವಳಿ, ವಿನಾಯಿತಿ ಇದೆ’ ಎಂದು ನೀವೇ ತೀರ್ಮಾನಿಸಿಬಿಡುವುದು ಅತಿ ಸಾಮಾನ್ಯವಾದ ತಪ್ಪು. ವಿನಾಯಿತಿ ಕೊಡುವವರೂ ಸಮಿತಿಯೇ. ಡೇಟಾ ತೆಗೆದುಕೊಂಡ ಮೇಲೆ ಹಿಂದಿನ ತಾರೀಕಿಗೆ ಒಪ್ಪಿಗೆ ಸಿಗುವುದಿಲ್ಲ. ನಾಲ್ಕನೇ ಸೆಮಿಸ್ಟರಿನಲ್ಲಿ ಡೇಟಾ ಬೇಕಿದ್ದರೆ ಮೂರನೆಯದರಲ್ಲೇ ಅರ್ಜಿ ಒಳಗಿರಲಿ. ಸಮಿತಿ ಒಮ್ಮೆ ತಿದ್ದುಪಡಿ ಕೇಳೇ ಕೇಳುತ್ತದೆ ಎಂದುಕೊಂಡು ಒಂದು ಸಭೆಯಷ್ಟು ಸಮಯ ಹೆಚ್ಚು ಇಟ್ಟುಕೊಳ್ಳಿ. ಒಪ್ಪಿಗೆ ಬಂದ ನಂತರ ಪ್ರಶ್ನಾವಳಿಗೆ ಒಂದೇ ಒಂದು ಪ್ರಶ್ನೆ ಸೇರಿಸಿದರೂ ತಿದ್ದುಪಡಿ ಅರ್ಜಿ ಕಳಿಸಬೇಕು.

ಮಾನಸಿಕ ಕಾಯಿಲೆ ಇರುವವರ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆಯ 99ನೇ ಕಲಂ ಇನ್ನಷ್ಟು ಬಿಗಿ. ಬರೀ ಸಂದರ್ಶನ ಮಾಡುವುದಕ್ಕೂ ಅವರ ಮುಕ್ತ ಒಪ್ಪಿಗೆ ಬೇಕು. ಮನಸ್ಸಿನ ಮೇಲೋ ದೇಹದ ಮೇಲೋ ಪ್ರಯೋಗ ನಡೆಸುವುದಿದ್ದು, ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವರಿದ್ದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು. ಅಂಗವಿಕಲರ ಅಧ್ಯಯನಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರ ಇದಕ್ಕೆಂದೇ ರಚಿಸುವ ಸಂಶೋಧನಾ ಸಮಿತಿಯ ಪೂರ್ವಾನುಮತಿಯನ್ನೂ, ಅವರಿಗೆ ತಿಳಿಯುವ ರೀತಿಯಲ್ಲಿ ಪಡೆದ ಒಪ್ಪಿಗೆಯನ್ನೂ ಅದರ 6ನೇ ಕಲಂ ಕೇಳುತ್ತದೆ. ಕಿವುಡರಿಗೆ ಸಂಜ್ಞಾ ಭಾಷೆ ಬಲ್ಲವರಿಲ್ಲದೆ ಮುದ್ರಿತ ಹಾಳೆ ಕೊಟ್ಟು ಕೈತೊಳೆದುಕೊಳ್ಳುವ ಹಾಗಿಲ್ಲ.

ಒಪ್ಪಿಗೆ ಪತ್ರದ ಕನ್ನಡ

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಹೆಚ್ಚಿನ ತಪ್ಪುಗಳು ನಡೆಯುವುದು ಇಲ್ಲೇ. ಇಂಗ್ಲಿಷ್ ಮಾದರಿಯನ್ನು ಯಂತ್ರಕ್ಕೆ ಹಾಕಿ ತೆಗೆದ ಕನ್ನಡ ಪತ್ರಗಳಲ್ಲಿ ಇಂಥ ಸಾಲು ಸಿಗುತ್ತದೆ:

“ಯಾವುದೇ ಪೂರ್ವಾಗ್ರಹವಿಲ್ಲದೆ ಯಾವುದೇ ಸಮಯದಲ್ಲಿ ಹಿಂಪಡೆಯುವ ಹಕ್ಕನ್ನು ಕಾಯ್ದಿರಿಸಿಕೊಂಡು ಸ್ವ-ಇಚ್ಛೆಯಿಂದ ಪಾಲ್ಗೊಳ್ಳಲು ಸಮ್ಮತಿಸಿರುತ್ತೇನೆ.”

ಯಾರ ಪೂರ್ವಾಗ್ರಹ? ಏನನ್ನು ಹಿಂಪಡೆಯುವುದು? ಓದಿದವರಿಗೆ ಇದು ಬ್ಯಾಂಕಿನ ಸಾಲದ ಪತ್ರದಂತೆ ಕಾಣುತ್ತದೆ, ಸಹಿ ಹಾಕಿ ಕೊಟ್ಟುಬಿಡುತ್ತಾರೆ. ಅದೇ ಮಾತು ಹೀಗಿರಲಿ:

“ಇದರಲ್ಲಿ ಸೇರಲೇಬೇಕು ಅಂತೇನಿಲ್ಲ. ಸೇರಿದ ಮೇಲೂ ಬೇಡ ಅನ್ನಿಸಿದರೆ ಅರ್ಧಕ್ಕೇ ಬಿಡಬಹುದು, ಕಾರಣ ಹೇಳಬೇಕಿಲ್ಲ. ಬಿಟ್ಟರೆ ನಿಮ್ಮ ಕೆಲಸಕ್ಕಾಗಲಿ, ಸಂಬಳಕ್ಕಾಗಲಿ, ಈಗ ಸಿಗುತ್ತಿರುವ ಚಿಕಿತ್ಸೆಗಾಗಲಿ ಏನೂ ತೊಂದರೆ ಆಗುವುದಿಲ್ಲ.”

ಪತ್ರದಲ್ಲಿ ಇರಲೇಬೇಕಾದ ಸಂಗತಿಗಳು ಇಷ್ಟು: ಇದು ಸಂಶೋಧನೆ ಅನ್ನುವ ಮಾತು, ಯಾಕೆ ಮಾಡುತ್ತಿದ್ದೀರಿ, ಎಷ್ಟು ಹೊತ್ತು ಹಿಡಿಯುತ್ತದೆ, ಏನೇನು ಕೇಳುತ್ತೀರಿ, ಮನಸ್ಸಿಗೆ ಕಿರಿಕಿರಿ ಆಗಬಹುದಾದದ್ದು ಯಾವುದು, ಅವರಿಗೆ ಲಾಭ ಇದೆಯೋ ಇಲ್ಲವೋ, ಹೇಳಿದ್ದು ಯಾರ ಕೈಗೆ ಹೋಗುತ್ತದೆ, ನಿಮ್ಮ ಫೋನ್ ನಂಬರು, ಜೊತೆಗೆ ಸಮಿತಿಯ ಸದಸ್ಯ ಕಾರ್ಯದರ್ಶಿಯ ನಂಬರು. ಕೊನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ನಿಮ್ಮ ಮೇಲೆಯೇ ದೂರಿದ್ದರೆ ಅವರು ನಿಮಗೇ ಫೋನ್ ಮಾಡಲಾಗುತ್ತದೆಯೇ? ಸಮಯದ ವಿಷಯದಲ್ಲಿ ನಿಜ ಹೇಳಿ. ನೀವು 20 ನಿಮಿಷ ಎಂದು ಬರೆದ ಪ್ರಶ್ನಾವಳಿಯನ್ನು ಓದಿ ಹೇಳುತ್ತ ಹೋದರೆ 45 ನಿಮಿಷ ಆಗಬಹುದು. ಐದಾರು ಜನರ ಜೊತೆ ಗಡಿಯಾರ ನೋಡಿ ಪರೀಕ್ಷಿಸಿ, ಆಮೇಲೆ ಅಂಕಿ ಬರೆಯಿರಿ.

ಬೆಂಗಳೂರಿನಲ್ಲಿ ಕನ್ನಡ ಪತ್ರವೊಂದೇ ಸಾಲದು. ಒಂದೇ ವಠಾರದಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಮನೆಮಾತಿನವರು ಇರುತ್ತಾರೆ. ಪ್ರತಿ ಭಾಷೆಗೂ ಒಬ್ಬರು ಅನುವಾದಿಸಬೇಕು, ಮೂಲ ನೋಡದ ಇನ್ನೊಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ತರಬೇಕು, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಪ್ರಶ್ನೆಗಳಿಗೂ ಇದೇ ಕ್ರಮ. ‘ಬೇಜಾರು’ ಅನ್ನುವ ನಮ್ಮ ಒಂದೇ ಪದದಲ್ಲಿ ದುಃಖ, ಸುಸ್ತು, ಸಿಟ್ಟು, ಹೊತ್ತು ಹೋಗದಿರುವುದು ಎಲ್ಲವೂ ಅಡಗಿದೆ. ಮರಳಿ ಅನುವಾದಿಸಿದಾಗ ಮಾತ್ರ ಅದು ಹೊರಬೀಳುತ್ತದೆ. ಹಕ್ಕುಸ್ವಾಮ್ಯ ಇರುವ ಪರೀಕ್ಷೆಗಳನ್ನು ಪ್ರಕಾಶಕರ ಅನುಮತಿಯಿಲ್ಲದೆ ಅನುವಾದಿಸುವುದು, ಜೆರಾಕ್ಸ್ ಮಾಡಿ ಹಂಚುವುದು ಕೂಡ ನೈತಿಕ ಲೋಪವೇ.

ಓದಲು ಬಾರದವರಿಗೆ ಪತ್ರವನ್ನು ಓದಿ ಹೇಳಬೇಕು. ನಿಮ್ಮ ತಂಡಕ್ಕೆ ಸೇರದ, ಓದು ಬಲ್ಲ ಸಾಕ್ಷಿಯೊಬ್ಬರು ಆರಂಭದಿಂದ ಕೊನೆಯವರೆಗೂ ಪಕ್ಕದಲ್ಲಿರಬೇಕು. ಹೆಬ್ಬೆಟ್ಟು ಒತ್ತಿಸಿ, ಸಾಕ್ಷಿಯ ಸಹಿ ತೆಗೆದುಕೊಂಡು, ಒಂದು ಪ್ರತಿಯನ್ನು ಅವರ ಕೈಗೇ ಕೊಡಿ. ಆದರೆ ಯೋಚಿಸಿ: ಗಂಡನ ಹೊಡೆತದ ಬಗ್ಗೆ ಅಧ್ಯಯನ ಮಾಡುತ್ತಿದ್ದರೆ ಆ ಪ್ರತಿ ಮನೆಯಲ್ಲಿ ಸಿಕ್ಕಿದರೆ ಏನಾಗುತ್ತದೆ? ಅಂಥ ಕಡೆ ಪತ್ರದ ಶೀರ್ಷಿಕೆ ‘ಮಹಿಳೆಯರ ಆರೋಗ್ಯ’ ಎಂದಷ್ಟೇ ಇರಲು, ಅಥವಾ ಪ್ರತಿಯನ್ನು ನೀವೇ ಇಟ್ಟುಕೊಳ್ಳಲು ಸಮಿತಿಯಿಂದ ಮೊದಲೇ ಒಪ್ಪಿಗೆ ಪಡೆಯಿರಿ.

ಸಹಿಗೆ ಮುಂಚೆ ಒಂದು ಪ್ರಶ್ನೆ ಕೇಳಿ: “ನಡುವೆ ಬೇಡ ಅನ್ನಿಸಿದರೆ ಏನು ಮಾಡ್ತೀರಿ?” “ಎದ್ದು ಹೋಗ್ತೀನಿ” ಅಂದರೆ ಸರಿ. “ಸೂಪರ್‌ವೈಸರ್ ಸಾರನ್ನ ಕೇಳ್ತೀನಿ” ಅಂದರೆ ನಿಮ್ಮ ಪತ್ರ ಅವರಿಗೆ ಮುಟ್ಟಿಲ್ಲ. ಮತ್ತೆ ಮೊದಲಿನಿಂದ ಹೇಳಿ.

ಯಾರ ಕೈಯಿಂದ ಹಾಳೆ ಹೋಗುತ್ತದೆ

ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್, ಕಂಪನಿಯಲ್ಲಿ ಎಚ್.ಆರ್., ತರಗತಿಯಲ್ಲಿ ಅಂಕ ಕೊಡುವ ಮೇಷ್ಟರು, ಮನೆಗೆಲಸದವರ ಮುಂದೆ ಮನೆಯೊಡತಿ, ಇವರಲ್ಲಿ ಯಾರು ಹಾಳೆ ಹಂಚಿದರೂ ಒಪ್ಪಿಗೆ ಕೆಡುತ್ತದೆ. ಅವರಿಂದ ಒಳಗೆ ಹೋಗುವ ಅನುಮತಿ ಮಾತ್ರ ತೆಗೆದುಕೊಳ್ಳಿ. ಹಂಚುವುದು, ವಾಪಸು ಪಡೆಯುವುದು ನಿಮ್ಮ ಕೆಲಸ. ಎಲ್ಲರಿಗೂ ಲಕೋಟೆ ಕೊಟ್ಟು, ತುಂಬಿದವರೂ ತುಂಬದವರೂ ಅಂಟಿಸಿ ಒಂದೇ ಪೆಟ್ಟಿಗೆಗೆ ಹಾಕಲಿ. ಯಾರು ಸೇರಿದರು, ಯಾರು ಬಿಟ್ಟರು ಯಾರಿಗೂ ಗೊತ್ತಾಗುವುದಿಲ್ಲ. ವಿದ್ಯಾರ್ಥಿಗಳಿಗೆ ಆಂತರಿಕ ಅಂಕ ಕೊಡುವುದಾದರೆ, ಸೇರದವರಿಗೆ ಅಷ್ಟೇ ಹೊತ್ತು ಹಿಡಿಯುವ ಬೇರೆ ಕೆಲಸಕ್ಕೆ ಅಷ್ಟೇ ಅಂಕ ಇರಬೇಕು.

ಹಣದ ವಿಷಯ ಸರಳ. ಬಸ್ ಚಾರ್ಜು ಕೊಡಿ, ಅರ್ಧ ದಿನದ ಕೂಲಿ ಹೋಗುವುದಿದ್ದರೆ ಅದನ್ನೂ ಕೊಡಿ. ಅಪಾಯವನ್ನೂ ಮರೆಸುವಷ್ಟು ದೊಡ್ಡ ಮೊತ್ತ ಬೇಡ. ಅರ್ಧಕ್ಕೆ ಎದ್ದವರಿಗೂ ಕೊಡಬೇಕು, ಇಲ್ಲದಿದ್ದರೆ ಆ ದುಡ್ಡೇ ಅವರನ್ನು ಕುರ್ಚಿಗೆ ಕಟ್ಟಿಹಾಕುತ್ತದೆ.

1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಶುರುಮಾಡಿದ ವಿಧೇಯತೆಯ ಪ್ರಯೋಗಗಳಲ್ಲಿ, ಇನ್ನೊಬ್ಬರಿಗೆ ವಿದ್ಯುತ್ ಆಘಾತ ಕೊಡಿ ಎಂದಾಗ ಹಿಂದೆಗೆದವರಿಗೆ ಹೇಳಲೆಂದು ನಾಲ್ಕು ಸಿದ್ಧ ಮಾತುಗಳಿದ್ದವು. ನಾಲ್ಕನೆಯದು, ನಿಮಗೆ ಬೇರೆ ದಾರಿಯಿಲ್ಲ, ಮುಂದುವರಿಸಲೇಬೇಕು ಎಂಬ ಅರ್ಥದ್ದು. ನಿಮ್ಮ ಡೇಟಾ ಸಂಗ್ರಹಿಸುವ ಹುಡುಗ ಹುಡುಗಿಯರ ಬಾಯಲ್ಲಿ ಅದಕ್ಕೆ ತದ್ವಿರುದ್ಧವಾದ ಸಿದ್ಧ ಮಾತು ಇರಲಿ: “ಪರವಾಗಿಲ್ಲಮ್ಮ, ಇಲ್ಲಿಗೇ ನಿಲ್ಲಿಸೋಣ.” ‘ಇನ್ನು ಎರಡೇ ಪ್ರಶ್ನೆ’ ಅನ್ನುವ ಅಭ್ಯಾಸವನ್ನು ತರಬೇತಿಯಲ್ಲೇ ಬಿಡಿಸಿ.

ಮಕ್ಕಳು

18 ತುಂಬದವರಿಗೆ ತಂದೆತಾಯಿಯ ಒಪ್ಪಿಗೆ ಬೇಕು, ಜೊತೆಗೆ ಮಗುವಿನ ಸಮ್ಮತಿಯೂ ಬೇಕು. 7ರಿಂದ 12 ವರ್ಷದವರೆಗೆ ಬಾಯಿಮಾತಿನ ಸಮ್ಮತಿ ಪಡೆದು ಬರೆದಿಡಬೇಕು; 12ರಿಂದ 18ರವರೆಗೆ ಬರಹದಲ್ಲಿ. ಅಪ್ಪ ಅಮ್ಮ ಹೂಂ ಅಂದು ಮಗು ತಲೆ ಅಲ್ಲಾಡಿಸಿದರೆ ಮಗುವಿನ ಮಾತೇ ಮೇಲು. ಮುಖ್ಯೋಪಾಧ್ಯಾಯರ ಸಹಿ ಶಾಲೆಯ ಗೇಟು ದಾಟಲು ಮಾತ್ರ. ‘ಬೇಡವಾದರೆ ತಿಳಿಸಿ’ ಎಂದು ಚೀಟಿ ಕಳಿಸಿ, ಉತ್ತರ ಬರದಿದ್ದರೆ ಒಪ್ಪಿಗೆ ಎಂದುಕೊಳ್ಳಬೇಡಿ. ಆ ಚೀಟಿ ಟಿಫನ್ ಡಬ್ಬಿಯ ಕೆಳಗೆ ಮುದುಡಿ ಬಿದ್ದಿರುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿನಲ್ಲಿ ಆತಂಕದ ಪ್ರಶ್ನಾವಳಿ ಹಿಡಿದು ಹೋಗಬೇಡಿ.

ಪದವಿಯ ಮೊದಲ ವರ್ಷದವರೆಲ್ಲ ವಯಸ್ಕರು ಎಂಬ ಎಣಿಕೆ ಬಹಳ ಸಲ ಕೈಕೊಡುತ್ತದೆ. ಅವರಲ್ಲಿ 17ರವರೂ ಇರುತ್ತಾರೆ, ಪಿಯು ಕಾಲೇಜಿನಲ್ಲಂತೂ ಬಹುತೇಕ ಎಲ್ಲರೂ ಅಪ್ರಾಪ್ತರೇ. ಆನ್‌ಲೈನ್ ಫಾರಂನಲ್ಲಿ ಮೊದಲ ಪ್ರಶ್ನೆ ವಯಸ್ಸಿನದ್ದಾಗಿರಲಿ, 18ಕ್ಕಿಂತ ಕಡಿಮೆ ಬಂದರೆ ಅಲ್ಲೇ ಮುಗಿಯಲಿ.

ಮಕ್ಕಳ ಜೊತೆ ಮಾತಾಡುವಾಗ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆಯಿದೆ. ಇದು ಒಪ್ಪಿಗೆ ಪತ್ರದಲ್ಲೂ ಇರಬೇಕು, ಮಗುವಿಗೂ ಮೊದಲೇ ಗೊತ್ತಿರಬೇಕು: “ನಿನಗೆ ಯಾರಾದರೂ ತೊಂದರೆ ಕೊಡ್ತಿದ್ದಾರೆ ಅಂತ ಗೊತ್ತಾದರೆ, ನಿನ್ನನ್ನ ಕಾಪಾಡೋಕೆ ನಾನು ದೊಡ್ಡವರಿಗೆ ಹೇಳಲೇಬೇಕಾಗುತ್ತೆ.” ಮಕ್ಕಳ ಸಹಾಯವಾಣಿ 1098 ನಿಮ್ಮ ಚೀಟಿಯಲ್ಲಿರಲಿ.

ಒಂಬತ್ತನೇ ಪ್ರಶ್ನೆ

ಖಿನ್ನತೆಯನ್ನು ಅಳೆಯಲು ಹೆಚ್ಚಾಗಿ ಬಳಸುವ, ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯು-9 ಪ್ರಶ್ನಾವಳಿಯಲ್ಲಿ ಪ್ರತಿ ಪ್ರಶ್ನೆಗೆ 0ರಿಂದ 3 ಅಂಕ, ಒಟ್ಟು 27. ಒಂಬತ್ತನೆಯದು, ಕಳೆದ ಎರಡು ವಾರಗಳಲ್ಲಿ ಸತ್ತರೇ ವಾಸಿ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳಬೇಕು ಅನ್ನಿಸಿತ್ತೇ ಎಂದು ಕೇಳುತ್ತದೆ. ಇನ್ನೂರು ಜನರಿಂದ ಫಾರಂ ತುಂಬಿಸಿ, ಮೂರು ತಿಂಗಳ ನಂತರ ಅಂಕಿಅಂಶದ ತಂತ್ರಾಂಶವಾದ ಎಸ್‌ಪಿಎಸ್‌ಎಸ್‌ಗೆ ಹಾಕುವಾಗ ಆ ಸಾಲಿನಲ್ಲಿ 3, ಅಂದರೆ ‘ಹೆಚ್ಚುಕಡಿಮೆ ದಿನವೂ’ ಎಂದು ಕಂಡರೆ ಆಗ ಏನು ಮಾಡುತ್ತೀರಿ?

ಉತ್ತರ ಕೊಟ್ಟವರನ್ನು ಮರಳಿ ತಲುಪುವ ದಾರಿಯೇ ಇಲ್ಲದಿದ್ದರೆ ಆ ಪ್ರಶ್ನೆ ಕೇಳಬೇಡಿ. ಅದನ್ನು ಬಿಟ್ಟ ಪಿಎಚ್‌ಕ್ಯು-8 ಇದೆ, ಅದನ್ನು ಬಳಸಿ. ಕೇಳುವುದೇ ಆದರೆ, ಅಂದಂದಿನ ಹಾಳೆಗಳನ್ನು ಅಂದೇ, ಸಾಧ್ಯವಾದರೆ ಅವರು ಎದ್ದು ಹೋಗುವ ಮುಂಚೆಯೇ ನೋಡಬೇಕು. 1 ಅಥವಾ ಹೆಚ್ಚು ಇದ್ದರೆ ಬೇರೆಯವರ ಕಿವಿಗೆ ಬೀಳದ ಕಡೆ ಕೂರಿಸಿ ನೇರವಾಗಿ ಕೇಳಿ: ಈಗಲೂ ಹಾಗೆ ಅನ್ನಿಸುತ್ತಿದೆಯೇ, ಹೇಗೆ ಮಾಡಿಕೊಳ್ಳಬೇಕೆಂದು ಯೋಚಿಸಿದ್ದೀರಾ, ಅದಕ್ಕೆ ಬೇಕಾದದ್ದು ಕೈಗೆ ಸಿಗುವ ಹಾಗಿದೆಯೇ? ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುಬಿಡುತ್ತದೆ ಅನ್ನುವುದು ಸುಳ್ಳು ಭಯ. ಯೋಜನೆಯೂ ಸಾಧನವೂ ಇದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಅಧ್ಯಯನ ಶುರುವಾಗುವ ಮುಂಚೆಯೇ ಹೆಸರು ಬರೆದು ಒಪ್ಪಿಸಿಕೊಂಡ, ಭಾರತೀಯ ಪುನರ್ವಸತಿ ಮಂಡಳಿಯ (ಆರ್‌ಸಿಐ) ನೋಂದಣಿ ಇರುವ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರಿಗೆ ಆಗಲೇ ಫೋನ್ ಮಾಡಿ. ಅವರು ಸಿಗದಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ತುರ್ತು ವಿಭಾಗ ಹಗಲು ರಾತ್ರಿ ತೆರೆದಿರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಪ್ರತಿ ಮಾಹಿತಿ ಪತ್ರದಲ್ಲೂ ಇರಲಿ. ಆದರೆ ಎದುರಿಗೆ ಕೂತು ಅಳುತ್ತಿರುವವರಿಗೆ ನಂಬರು ಬರೆದುಕೊಟ್ಟು ಕಳಿಸುವುದನ್ನು ವ್ಯವಸ್ಥೆ ಎಂದು ಕರೆಯಲಾಗದು.

ಪ್ರಯೋಗದ ಉದ್ದೇಶವನ್ನು ಮರೆಮಾಡಲೇಬೇಕಾದಾಗ, ಬೇರೆ ವಿಧಾನ ಏಕೆ ಆಗದು ಎಂದು ಸಮಿತಿಗೆ ವಿವರಿಸಿ. ಮುಗಿದ ಕೂಡಲೇ ನಿಜ ಹೇಳಿ, ‘ಈಗ ಗೊತ್ತಾಯಿತಲ್ಲ, ನಿಮ್ಮ ಉತ್ತರ ಇಟ್ಟುಕೊಳ್ಳಲೋ ಅಳಿಸಲೋ’ ಎಂದು ಎರಡನೇ ಬಾರಿ ಒಪ್ಪಿಗೆ ಕೇಳಿ. ನೋವು, ಅಪಾಯದ ವಿಷಯದಲ್ಲಿ ಮರೆಮಾಚುವಂತಿಲ್ಲ.

ಡೇಟಾ ಸೋರುವ ತೂತುಗಳು

ಹೆಸರು ಮತ್ತು ಕೋಡ್ ಇರುವ ಪಟ್ಟಿ ಒಂದು ಫೈಲಿನಲ್ಲಿ, ಉತ್ತರಗಳು ಇನ್ನೊಂದರಲ್ಲಿ, ಎರಡೂ ಬೇರೆ ಬೇರೆ ಜಾಗದಲ್ಲಿ ಪಾಸ್‌ವರ್ಡ್ ಹಾಕಿ. ಗೂಗಲ್ ಫಾರಂನಲ್ಲಿ ಇಮೇಲ್ ಸಂಗ್ರಹಿಸುವ ಆಯ್ಕೆ ಆಫ್ ಆಗಿದೆಯೇ ಎಂದು ಬೇರೆ ಫೋನಿನಿಂದ ತೆರೆದು ನೋಡಿ. ತುಂಬಿದ ಹಾಳೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದರೆ ಅದು ತನ್ನಷ್ಟಕ್ಕೆ ಕ್ಲೌಡಿಗೆ ಹೋಗುತ್ತದೆ, ಮನೆಯ ಟ್ಯಾಬಿನಲ್ಲೂ ಕಾಣಿಸಿಕೊಳ್ಳುತ್ತದೆ, ಫೋಟೊ ತೆಗೆಯಲೇಬೇಡಿ. ಧ್ವನಿಮುದ್ರಿಕೆಯನ್ನು ಬರಹಕ್ಕಿಳಿಸಿ, ಸರಿನೋಡಿ, ಪತ್ರದಲ್ಲಿ ಹೇಳಿದ ತಾರೀಕಿಗೆ ಅಳಿಸಿ. ಗುಂಪು ಚರ್ಚೆಯಲ್ಲಿ ಗುಟ್ಟು ಉಳಿಯುತ್ತದೆ ಎಂದು ನೀವು ಭರವಸೆ ಕೊಡಲಾರಿರಿ, ಅದನ್ನು ಬಾಯಿಬಿಟ್ಟು ಹೇಳಿ.

ಹೆಸರು ತೆಗೆದರೆ ಗುರುತು ಹೋಯಿತು ಎಂದುಕೊಳ್ಳಬೇಡಿ. ‘ಮಹಿಳೆ, 34, ಆಟೊ ಚಾಲಕಿ, ಯಶವಂತಪುರ ಸ್ಟ್ಯಾಂಡ್’ ಎಂದು ವರದಿಯಲ್ಲಿ ಬರೆದರೆ ಆ ಸ್ಟ್ಯಾಂಡಿನ ಅಷ್ಟೂ ಜನ ಅವರನ್ನು ಗುರುತಿಸುತ್ತಾರೆ. ವಯಸ್ಸನ್ನು 30–39 ಎಂದೂ ಜಾಗವನ್ನು ಉತ್ತರ ಬೆಂಗಳೂರು ಎಂದೂ ಮಾಡಿ. ವರದಿಯ ಕೋಷ್ಟಕದ ಒಂದು ಚೌಕದಲ್ಲಿ ಐದಕ್ಕಿಂತ ಕಡಿಮೆ ಜನ ಬಂದರೆ ಪಕ್ಕದ ಚೌಕಕ್ಕೆ ಸೇರಿಸಿ.

ಪ್ರಾಣಿಗಳು

ಇಲ್ಲಿನ ಕಾನೂನಿನ ಬೇರು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರ ಕೆಳಗೆ ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡುವ ಕೇಂದ್ರ ಸಮಿತಿಯನ್ನು ಹಿಂದೆ ಸಿಪಿಸಿಎಸ್‌ಇಎ ಎನ್ನುತ್ತಿದ್ದರು, ಈಗ ಸಿಸಿಎಸ್‌ಇಎ. ಪ್ರಾಣಿಮನೆ ಅಲ್ಲಿ ನೋಂದಣಿಯಾಗಿರಬೇಕು. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯಲ್ಲಿ ಪಶುವೈದ್ಯರೂ ಕೇಂದ್ರ ನೇಮಿಸಿದ ಪ್ರತಿನಿಧಿಗಳೂ ಇರುತ್ತಾರೆ. ಪ್ರಯೋಗದ ಅರ್ಜಿಯಾದ ಫಾರಂ ಬಿ ತುಂಬಿ ಅವರ ಮುಂದೆ ಇಡಬೇಕು. ಇಲಿಗಳನ್ನು ನೋಂದಾಯಿತ ತಳಿ ಕೇಂದ್ರದಿಂದಲೇ ತರಬೇಕು. ಸಾಕುಪ್ರಾಣಿ ಅಂಗಡಿಯಿಂದ ತರುವಂತಿಲ್ಲ.

ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ 1959ರಲ್ಲಿ ಮೂರು ಮಾತು ಮುಂದಿಟ್ಟರು: ಪ್ರಾಣಿಯ ಬದಲು ಬೇರೆ ದಾರಿ ಹುಡುಕು, ಸಂಖ್ಯೆ ಇಳಿಸು, ನೋವು ಇಳಿಸು. ಸಂಖ್ಯೆಯ ವಿಷಯದಲ್ಲಿ ಎಚ್ಚರ ಬೇಕು. ‘ಗುಂಪಿಗೆ ಆರು’ ಎಂದು ಹಳೆಯ ಥೀಸಿಸ್ ನೋಡಿ ಬರೆಯಬೇಡಿ, ಲೆಕ್ಕ ಹಾಕಿ ತೋರಿಸಿ. ತೀರಾ ಕಡಿಮೆ ತೆಗೆದುಕೊಂಡು ಫಲಿತಾಂಶವೇ ಬರದಿದ್ದರೆ ಆ ಅಷ್ಟೂ ಇಲಿಗಳು ವೃಥಾ ನರಳಿದಂತಾಯಿತು. ಖಿನ್ನತೆಯ ಅಧ್ಯಯನಕ್ಕೆ ಇಲಿಯನ್ನು ನೀರಿಗೆ ಬಿಟ್ಟು ಬಲವಂತವಾಗಿ ಈಜಿಸುವ ಪರೀಕ್ಷೆಯ ಬದಲು ಸಕ್ಕರೆ ನೀರನ್ನು ಎಷ್ಟು ಬಯಸುತ್ತದೆ ಎಂದು ನೋಡುವ ಪರೀಕ್ಷೆ ಸಾಕೇ ಎಂದು ಮೊದಲು ಕೇಳಿಕೊಳ್ಳಿ.

ಇಲಿಗಳು ಬಂದ ಮೇಲೆ ಕನಿಷ್ಠ ಒಂದು ವಾರ ಸುಮ್ಮನೆ ಬಿಡಿ, ನಂತರ ದಿನವೂ ಕೆಲ ನಿಮಿಷ ಕೈಯಲ್ಲಿ ಹಿಡಿದು ರೂಢಿ ಮಾಡಿ. ಚಿಕ್ಕ ಜಾತಿಯ ಇಲಿಗಳನ್ನು (ಮೌಸ್) ಬಾಲ ಹಿಡಿದು ಎತ್ತಿದರೆ ಆತಂಕ ಹೆಚ್ಚುತ್ತದೆ. ಕೊಳವೆಯೊಳಗೆ ನಡೆಸಿಯೋ ಎರಡೂ ಅಂಗೈಯ ಬೊಗಸೆಯಲ್ಲಿಯೋ ಎತ್ತಬೇಕು. ಒಂಟಿಯಾಗಿ ಇಡಬೇಡಿ, ಇಡಲೇಬೇಕಾದರೆ ಕಾರಣ ಬರೆಯಿರಿ. ಬೆಳಕು 12 ಗಂಟೆ, ಕತ್ತಲೆ 12 ಗಂಟೆ. ಕರೆಂಟು ಹೋದಾಗ ಟೈಮರ್ ತಪ್ಪುತ್ತದೆ, ರಾತ್ರಿ ಕಾವಲುಗಾರ ಟಾರ್ಚ್ ಹಿಡಿದು ಒಳಗೆ ಬರುತ್ತಾನೆ, ಇವೆರಡನ್ನೂ ನೋಡಿಕೊಳ್ಳಿ. ಮನುಷ್ಯರಿಗೆ ಕೇಳುವುದು ಸುಮಾರು 20 ಕಿಲೋಹರ್ಟ್ಸ್‌ವರೆಗೆ, ಇಲಿಗೆ ಸುಮಾರು 80ರವರೆಗೆ. ಪಕ್ಕದ ರಸ್ತೆಯ ಮೆಟ್ರೊ ಕೊರೆತ, ದೀಪಾವಳಿಯ ಪಟಾಕಿ ಅವುಗಳಿಗೆ ನಮಗಿಂತ ದೊಡ್ಡ ಹಿಂಸೆ. ವರ್ತನೆಯ ಪರೀಕ್ಷೆಯನ್ನು ಹಬ್ಬದ ವಾರದಲ್ಲಿ ಇಟ್ಟುಕೊಳ್ಳಬೇಡಿ.

‘ಸಾಕು’ ಅನ್ನುವ ಗೆರೆ ಅಂಕಿಯಲ್ಲಿರಬೇಕು. ಆಹಾರ ಕಡಿಮೆ ಮಾಡಿ ಕಲಿಸುವ ಪ್ರಯೋಗದಲ್ಲಿ ತೂಕ ಮೊದಲಿನ 85 ಶೇಕಡಕ್ಕಿಂತ ಇಳಿಯಬಾರದು ಎಂದು ಇಟ್ಟುಕೊಂಡರೆ, 300 ಗ್ರಾಂ ಇಲಿಗೆ ಗೆರೆ 255 ಗ್ರಾಂ. ದಿನವೂ ಒಂದೇ ಹೊತ್ತಿಗೆ ತೂಗಿ. ಬೆಳೆಯುವ ವಯಸ್ಸಿನ ಇಲಿಯಾದರೆ ಹಳೆಯ ತೂಕಕ್ಕೆ ಹೋಲಿಸುವುದು ತಪ್ಪು, ಅದೇ ವಯಸ್ಸಿನ, ಹೊಟ್ಟೆತುಂಬ ತಿನ್ನುವ ಇಲಿಗಳಿಗೆ ಹೋಲಿಸಬೇಕು. ಕಣ್ಣು ಮೂಗಿನ ಸುತ್ತ ಕೆಂಪು ಕಲೆ ಕಂಡರೆ ಅದು ರಕ್ತವಲ್ಲ, ಒತ್ತಡದಲ್ಲಿ ಹೆಚ್ಚು ಒಸರುವ ಪಾರ್ಫಿರಿನ್ ಎಂಬ ಬಣ್ಣದ ವಸ್ತು. ಕೂದಲು ನಿಗುರಿ ಬೆನ್ನು ಗೂನಾಗಿದ್ದರೆ ಪಶುವೈದ್ಯರನ್ನು ಕರೆಯಿರಿ. ನೆನಪನ್ನು ಅಳೆಯುವ ನೀರಿನ ಜಟಿಲಮಾರ್ಗದಲ್ಲಿ ಈಜಿದ ಇಲಿಯನ್ನು ಟವೆಲಿನಲ್ಲಿ ಒರೆಸಿ, ಬೆಚ್ಚಗಾದ ಮೇಲೆಯೇ ಪಂಜರಕ್ಕೆ ಬಿಡಿ. ಒದ್ದೆ ಮೈ ತಣ್ಣಗಾಗಿ ಮುಂದಿನ ಸುತ್ತಿನಲ್ಲಿ ಈಜು ನಿಧಾನವಾದರೆ ನೀವು ಅದನ್ನು ಮರೆವು ಎಂದು ಬರೆದುಕೊಳ್ಳುತ್ತೀರಿ.

ಈ ಗೆರೆ ದಾಟಿದಾಗ ನಿಲ್ಲಿಸುವ ಅಧಿಕಾರ ಫಲಿತಾಂಶಕ್ಕಾಗಿ ಕಾದು ಕೂತವರ ಕೈಯಲ್ಲಿ ಮಾತ್ರ ಇರಬಾರದು. 1971ರಲ್ಲಿ ವಿದ್ಯಾರ್ಥಿಗಳನ್ನು ಕೈದಿ, ಕಾವಲುಗಾರರ ಪಾತ್ರಕ್ಕೆ ಹಾಕಿದ ಸ್ಟ್ಯಾನ್‌ಫರ್ಡಿನ ಜೈಲು ಪ್ರಯೋಗ ಎರಡು ವಾರ ನಡೆಯಬೇಕಿದ್ದದ್ದು ಆರು ದಿನಕ್ಕೆ ನಿಂತಿತು. ಅದಕ್ಕೂ ಮೊದಲೇ ನಿಲ್ಲಿಸಬೇಕಿದ್ದ, ಪ್ರಯೋಗದ ಮುಖ್ಯಸ್ಥ ಫಿಲಿಪ್ ಜಿಂಬಾರ್ಡೊ ಆ ಜೈಲಿನ ಸೂಪರಿಂಟೆಂಡೆಂಟ್ ಪಾತ್ರವನ್ನೂ ತಾವೇ ವಹಿಸಿದ್ದರು. ಪಶುವೈದ್ಯರು ನಿಮ್ಮನ್ನು ಕೇಳದೆ ನಿಲ್ಲಿಸಬಹುದು ಎಂದು ಪ್ರೋಟೊಕಾಲಿನಲ್ಲಿ ಬರೆಯಿರಿ, ಅವರ ಫೋನ್ ನಂಬರನ್ನು ಪ್ರಾಣಿಮನೆಯ ಬಾಗಿಲಿಗೆ ಅಂಟಿಸಿ. ಭಾನುವಾರ ತೂಗುವವರು ಯಾರು ಎಂಬುದೂ ಅದೇ ಹಾಳೆಯಲ್ಲಿರಲಿ.